ಎಲ್ಲರೂ ಉಲ್ಲೇಖಿಸಿದ ಮೊಸರು

ನಿವೃತ್ತನಾದ ಮೇಲೆ ನನ್ನ ಮನೆಗೆ ಬರುವವರಲ್ಲಿ ಹೆಚ್ಚಿನವರು ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಮುಂದೆ ಸಂಶೋಧನೆಗೆ ಹೋಗಬೇಕೋ ಬಿ.ಎಡ್. ಮಾಡಬೇಕೋ ಎಂದು ತಲೆ ಕೆರೆದುಕೊಳ್ಳುತ್ತಿರುವ ಹುಡುಗ ಹುಡುಗಿಯರು. ಚಹಾದ ಕಪ್ಪು ಕೆಳಗಿಡುವ ಮೊದಲೇ ಅವರ ಪ್ರಶ್ನೆ ಬಂದುಬಿಡುತ್ತದೆ: "ಸರ್, ನಿಮ್ಮ ಸೈಟೇಶನ್ ಎಷ್ಟ ಅದಾವ್ರೀ?" ನಮ್ಮ ಕಾಲದಲ್ಲಿ ಹೆಣ್ಣು ಕೊಡುವವರು ಹುಡುಗನ ಹೊಲ ಎಷ್ಟು ಎಕರೆ ಎಂದು ವಿಚಾರಿಸುತ್ತಿದ್ದ ಧಾಟಿಯಲ್ಲೇ ಕೇಳುತ್ತಾರೆ. ನಾನು ಮೊದಮೊದಲು ನಕ್ಕು ಸುಮ್ಮನಾಗುತ್ತಿದ್ದೆ. ಈಗ ಉತ್ತರವನ್ನು ಬರೆದೇ ಇಟ್ಟರೆ ಒಳ್ಳೆಯದು ಅನ್ನಿಸಿದೆ, ಏಕೆಂದರೆ ಉತ್ತರ ಸ್ವಲ್ಪ ಉದ್ದವಿದೆ.

ಈ ವೃತ್ತಿಯ ಗಂಧವಿಲ್ಲದವರೂ ಇದನ್ನು ಓದಬಹುದು, ಅವರಿಗಾಗಿ ಎರಡು ಮಾತು. ಒಬ್ಬ ವಿಜ್ಞಾನಿ ತಾನು ಕಂಡದ್ದನ್ನು ಬರೆದು ಪತ್ರಿಕೆಯಲ್ಲಿ ಪ್ರಕಟಿಸುತ್ತಾನೆ. ಮುಂದೆ ಅದೇ ವಿಷಯದ ಮೇಲೆ ಬರೆಯುವವರು 'ಇಂಥವರು ಹೀಗೆ ಹೇಳಿದ್ದಾರೆ' ಎಂದು ಅವನ ಹೆಸರು ಹಾಕುತ್ತಾರೆ. ಅದೇ ಉಲ್ಲೇಖ, ಸೈಟೇಶನ್. ನಮ್ಮ ಕಡೆಯ ಲಗ್ನಪತ್ರಿಕೆಯ ಕೆಳಗೆ ಬಂಧುಗಳ ಹೆಸರಿನ ಉದ್ದ ಸಾಲು ಇರುತ್ತದಲ್ಲ, ಹೆಚ್ಚುಕಡಿಮೆ ಹಾಗೆಯೇ. ಅದರಲ್ಲಿ ಹಗಲಿರುಳು ಹಂದರ ಕಟ್ಟಿದವರೂ ಇರುತ್ತಾರೆ, ಹೆಸರು ಬಿಟ್ಟರೆ ಮುನಿಸಿಕೊಂಡಾರು ಎಂದು ಸೇರಿಸಿದ ಸೋದರಮಾವಂದಿರೂ ಇರುತ್ತಾರೆ. ಹೊರಗಿನಿಂದ ಓದುವವನಿಗೆ ಯಾರು ಯಾರೆಂದು ತಿಳಿಯುವುದಿಲ್ಲ.

ನಾನು ಹುಟ್ಟಿದ್ದು ಹಳಿಯಾಳದ ಹತ್ತಿರದ ಒಂದು ಹಳ್ಳಿಯ ಒಕ್ಕಲು ಮನೆಯಲ್ಲಿ. ಕೆಲಸ ಸಿಕ್ಕಿದ್ದೂ ಹಳಿಯಾಳದ ಒಂದು ಕಾಲೇಜಿನಲ್ಲೇ. ಸೇರಿದಾಗ ಪ್ರಯೋಗಾಲಯ ಅಂದರೆ ಒಂದು ಸೂಕ್ಷ್ಮದರ್ಶಕ, ಒಂದು ಅಲಮಾರು, ಮತ್ತು ನಮ್ಮ ಮುಖ್ಯಸ್ಥರಾದ ಜೋಶಿ ಸರ್ ಮನೆಯಿಂದ ತಂದಿಟ್ಟ ಪ್ರೆಶರ್ ಕುಕ್ಕರ್. ಗಾಜಿನ ಸಾಮಾನುಗಳನ್ನೆಲ್ಲ ಅದರಲ್ಲೇ ಬೇಯಿಸಿ ಶುದ್ಧ ಮಾಡುತ್ತಿದ್ದೆವು. ಒಮ್ಮೆ ಹಬ್ಬದ ದಿನ ಜೋಶಿ ಸರ್ ಮನೆಯವರು ಕುಕ್ಕರ್ ವಾಪಸು ತರಿಸಿಕೊಂಡರು, ನಮ್ಮ ಪ್ರಯೋಗ ಮೂರು ದಿನ ನಿಂತಿತು. ಹಬ್ಬ ಮುಗಿದು ಕುಕ್ಕರ್ ಬಂದಾಗ ಪ್ರಯೋಗಾಲಯವೆಲ್ಲ ಹೋಳಿಗೆ ಹೂರಣದ ವಾಸನೆ.

ಜೋಶಿ ಸರ್ ಮಾತು ಕಡಿಮೆ, ಹಟ ಬಹಳ. ದಾಖಲೆ ಪುಸ್ತಕದಲ್ಲಿ ಪೆನ್ಸಿಲು ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. ಶಾಯಿಯಲ್ಲೇ ಬರೆಯಬೇಕು, ತಪ್ಪಿದರೆ ಒಂದೇ ಗೆರೆ ಎಳೆಯಬೇಕು, ತಪ್ಪು ಓದಲು ಬರುವಂತೆ ಉಳಿಯಬೇಕು. ಪ್ರತಿ ಪುಟದ ಮೇಲೆ ತಾರೀಖಿನ ಜೊತೆಗೆ ವಾರ, ಬಿಸಿಲು ಮಳೆ, ಯಾವ ಗಾಡಿಯಲ್ಲಿ ಹೋದೆವು, ಎಲ್ಲವನ್ನೂ ಬರೆಸುತ್ತಿದ್ದರು.

"ಸರ್, ಬ್ಯಾಕ್ಟೀರಿಯಾಕ್ಕ ಸೋಮವಾರ, ಮಂಗಳವಾರ ಗೊತ್ತಾಗ್ತದೇನ್ರಿ?" ಎಂದು ಒಮ್ಮೆ ಕೇಳಿದೆ.

"ಅದಕ್ಕ ಗೊತ್ತಾಗೂದಿಲ್ಲ. ನಿನಗ ಗೊತ್ತಿರಬೇಕು. ಬರಿ," ಅಂದರು.

ಬೈದುಕೊಳ್ಳುತ್ತಲೇ ಬರೆದೆ. ಆ ಅಭ್ಯಾಸ ಕೊನೆಯವರೆಗೂ ಉಳಿಯಿತು.

ಮಾದರಿ ತರುವುದೆಂದರೆ ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರುವುದು. ಸೂಪಾ ಹಿನ್ನೀರಿನ ಕೆಸರನ್ನು ಥರ್ಮಾಸಿನಲ್ಲಿ ತುಂಬಿಕೊಂಡು ಜೊಯಿಡಾದಿಂದ ಬರುತ್ತಿದ್ದಾಗ ಕಂಡಕ್ಟರ್ ತಡೆದ.

"ಏನ್ರೀ ಅದು?"

"ಬ್ಯಾಕ್ಟೀರಿಯಾ."

"ಎಷ್ಟ ಅದಾವು?"

"ಕೋಟಿಗಟ್ಟಲೆ ಇರಬೇಕು."

"ಎಲ್ಲಾಕೂ ಟಿಕೀಟ ಹರದ್ರ ನನ್ನ ಟಿಕೀಟ ಪುಸ್ತಕನ ಮುಗೀತಾವು. ತೊಡಿ ಮ್ಯಾಲ ಇಟ್ಕೊಂಡ ಕೂಡ್ರಿ, ಯಾರಿಗೂ ಹೇಳಬ್ಯಾಡ್ರಿ," ಎಂದು ಮುಂದೆ ಹೋದ.

ಆ ಕೆಸರಿನಿಂದ ನನ್ನ ಮೊದಲ ಲೇಖನ ಬಂತು. ಟೈಪು ಮಾಡಿಸಿ ಅಂಚೆಗೆ ಹಾಕಿದರೆ ಎಂಟು ತಿಂಗಳಿಗೆ ಉತ್ತರ. ಪ್ರಕಟವಾದ ಮೇಲೆ ಅದನ್ನು ಯಾರಾದರೂ ಓದಿದರೋ ಇಲ್ಲವೋ ತಿಳಿಯುವ ದಾರಿಯೇ ಇರಲಿಲ್ಲ. ಹಾಗಾಗಿ ಎಲ್ಲರೂ ಓದಿದ್ದಾರೆಂದು ನಂಬಿಕೊಂಡು ಸುಖವಾಗಿದ್ದೆ.

ಆಮೇಲೆ ಕಂಪ್ಯೂಟರ್ ಬಂತು, ಲೆಕ್ಕ ಶುರುವಾಯಿತು. ಜೋಶಿ ಸರ್ ನಿವೃತ್ತರಾಗಿ ಪಾಟೀಲರು ಮುಖ್ಯಸ್ಥರಾದರು. ಪಾಟೀಲರು ನನಗಿಂತ ಚಿಕ್ಕವರು, ಒಳ್ಳೆಯ ಮನುಷ್ಯ, ಆದರೆ ಅವರಿಗೆ ಅಂಕಿಯ ಮೋಹ. ನಾನು ಅತ್ತಿವೇರಿ ಪಕ್ಷಿಧಾಮದ ಕೆರೆ ನೀರಿನ ಮೇಲೆ, ಹಕ್ಕಿಗಳು ಬಂದಾಗ ಮತ್ತು ಹೋದಾಗ ಏನೇನು ಸೂಕ್ಷ್ಮಜೀವಿಗಳು ಇರುತ್ತವೆಂದು ಒಂದು ಲೇಖನ ಬರೆದಿದ್ದೆ. ಪಾಟೀಲರು ಅದನ್ನು ತಿರುವಿ ನೋಡಿ, "ಇದರಾಗ ಮೂರು ಪೇಪರ್ ಅದಾವ್ರಿ. ಹಕ್ಕಿ ಬರೂ ಮೊದಲಿಂದು ಒಂದು, ಬಂದಾಗಿಂದು ಒಂದು, ಹೋದ ಮ್ಯಾಲಿಂದು ಒಂದು," ಅಂದರು. ನಾನು ತಲೆಯಾಡಿಸಿದೆ. ಮೂರೂ ಅಚ್ಚಾದವು. ಮೂರನ್ನೂ ಓದಿದವನು ಪ್ರಪಂಚದಲ್ಲಿ ಒಬ್ಬನೇ ಇದ್ದಿರಬೇಕು, ಅವನು ನಾನು. ಎರಡನೆಯದು ಮೊದಲನೆಯದನ್ನು ಉಲ್ಲೇಖಿಸಿತು, ಮೂರನೆಯದು ಎರಡನ್ನೂ ಉಲ್ಲೇಖಿಸಿತು. ಹೊಸಬರಿಗೆ ಹೇಳುತ್ತೇನೆ: ಇಂಥ ಲೇಖನ ನಿಮ್ಮ ಕೈಯಿಂದಲೂ ಒಂದೆರಡು ಆಗುತ್ತವೆ. ನಾಚಿಕೆಪಟ್ಟು ಮುಂದೆ ನಡೆಯಿರಿ.

ಈಗ ಮೊಸರಿನ ವಿಷಯಕ್ಕೆ ಬರುತ್ತೇನೆ.

ಜೊಯಿಡಾ ತಾಲೂಕಿನ ಕಾಡಿನಂಚಿನಲ್ಲಿ ಗೌಳಿಗರ ದಡ್ಡಿಗಳಿವೆ, ಎಮ್ಮೆ ಸಾಕಿ ಬದುಕುವ ಜನರ ಸಣ್ಣ ಕೇರಿಗಳು. ಅವರ ಮನೆಗಳಲ್ಲಿ ಹೆಪ್ಪು ಹೊರಗಿನಿಂದ ಬರುವುದಿಲ್ಲ. ಅತ್ತೆಯ ಹೆಪ್ಪು ಸೊಸೆಗೆ, ಅವಳದು ಅವಳ ಸೊಸೆಗೆ ನಡೆದುಬರುತ್ತದೆ. ಅಂಥ ಹಳೆಯ ಹೆಪ್ಪಿನಲ್ಲಿ ಎಲ್ಲೂ ಕಾಣದ ಜೀವಿ ಇರಬಹುದೆಂದು ನನ್ನ ಆಸೆ. ಕಾಲೇಜಿನ ಜೀಪು ಸಿಕ್ಕ ಒಂದು ದಿನ ಹೊರಟೆ. ದಡ್ಡಿಯಲ್ಲಿ ಎಲ್ಲರೂ ತೋರಿಸಿದ್ದು ಜನಾಬಾಯಿಯ ಮನೆಯನ್ನು.

"ಬರ್ರಿ ಮಾಸ್ತರ, ಬಿಸಲಾಗ ಬಂದೀರಿ. ನೀರ ಕುಡೀರಿ," ಎಂದು ಜನಾಬಾಯಿ ಕಟ್ಟೆಯ ಮೇಲೆ ಕಂಬಳಿ ಹಾಸಿದಳು. ನಾನು ಬಂದ ಕಾರಣ ಹೇಳಿದೆ. ಅವಳು ಒಂದು ಕ್ಷಣ ಸೆರಗು ಬಾಯಿಗಿಟ್ಟುಕೊಂಡು ನಿಂತಳು, ಒಳಗೆ ಹೋದಳು. ಬಹಳ ಹೊತ್ತಾದ ಮೇಲೆ ಮಣ್ಣಿನ ಗಡಿಗೆ ಹಿಡಿದು ಬಂದಳು. ನಾನು ಚಮಚವನ್ನು ಸ್ಪಿರಿಟ್ಟಿನಿಂದ ತೊಳೆದೆ, ಬಾಟಲಿಯ ಬಾಯಿಯನ್ನು ದೀಪಕ್ಕೆ ಹಿಡಿದೆ, ಮೊಸರು ತುಂಬಿ ಮೇಣದಿಂದ ಮೊಹರು ಮಾಡಿ ಮಂಜುಗಡ್ಡೆಯಲ್ಲಿ ಹೂತೆ. ಚಮಚ, ಬಾಟಲಿ, ಮಂಜುಗಡ್ಡೆ, ಎಲ್ಲದರ ಮೇಲೂ ನನ್ನ ಕಣ್ಣಿತ್ತು. ಜನಾಬಾಯಿಯನ್ನು ಮಾತ್ರ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಆ ಮೊಸರಿನಿಂದ ಬೇರ್ಪಡಿಸಿದ ಬ್ಯಾಕ್ಟೀರಿಯಾ ಅದ್ಭುತವಾಗಿತ್ತು. ಕಡು ಬೇಸಿಗೆಯಲ್ಲೂ ಮೊಸರನ್ನು ಹುಳಿ ಮಾಡುತ್ತಿರಲಿಲ್ಲ, ಚಾಕು ಹಾಕಿದರೆ ಕತ್ತರಿಸುವಷ್ಟು ಗಟ್ಟಿ ಮಾಡುತ್ತಿತ್ತು. ಆಗಿನ ಪರೀಕ್ಷೆಗಳೆಂದರೆ ಯಾವ ಸಕ್ಕರೆ ತಿನ್ನುತ್ತದೆ, ಎಷ್ಟು ಬಿಸಿ ತಾಳುತ್ತದೆ ಎಂಬಷ್ಟೇ. ಅದರ ಜಾತಿ ಹೇಳಬಹುದಿತ್ತು, ಮನೆತನ ಹೇಳಲು ಬರುತ್ತಿರಲಿಲ್ಲ. 'ಕಾಡಿನ ಗೌಳಿಗರ ಮೊಸರಿನ ವಿಶಿಷ್ಟ ತಳಿ' ಎಂದು ಬರೆದೆ. ಒಳ್ಳೆಯ ಪತ್ರಿಕೆಯಲ್ಲಿ ಬಂತು.

ಉಲ್ಲೇಖಗಳು ಬರತೊಡಗಿದವು. ಮೊದಲು ಗುಜರಾತಿನ ಆಣಂದದ ಡೈರಿ ವಿಜ್ಞಾನಿಗಳು, ಆಮೇಲೆ ಉಳಿದ ರಾಜ್ಯದವರು, ಆಮೇಲೆ ನಾನು ನಕಾಶೆಯಲ್ಲಿ ಹುಡುಕಬೇಕಾದ ದೇಶಗಳವರು. 'ಕಾಡಿನ ತಳಿಗೂ ಡೈರಿ ತಳಿಗೂ ಇರುವ ವ್ಯತ್ಯಾಸ' ಎಂದು ಹೋಲಿಸುವವರಿಗೆಲ್ಲ ನನ್ನ ತಳಿಯೇ ಬೇಕಾಯಿತು. ನನ್ನ ಉಳಿದ ಲೇಖನಗಳನ್ನೆಲ್ಲ ಒಂದು ತಕ್ಕಡಿಯಲ್ಲಿ ಹಾಕಿದರೂ ಈ ಒಂದರ ತೂಕಕ್ಕೆ ಬರುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಅಮಲೇರಿತು. ದಿನಾ ಬೆಳಿಗ್ಗೆ ಪ್ರಯೋಗಾಲಯಕ್ಕೆ ಹೋದವನೇ ಕಂಪ್ಯೂಟರ್ ತೆರೆದು ಅಂಕಿ ಏರಿದೆಯೇ ಎಂದು ನೋಡುತ್ತಿದ್ದೆ. ಏರಿದ್ದರೆ ಆ ದಿನ ನನ್ನ ವಿದ್ಯಾರ್ಥಿಗಳಿಗೆ ಬೈಗುಳ ಕಡಿಮೆ.

ವರ್ಷಗಳು ಕಳೆದವು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನನ್ನ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದವಳು ಶಾಹೀನ್. ದಾಂಡೇಲಿಯ ಸ್ಕೂಟರ್ ಮೆಕ್ಯಾನಿಕ್ ಬಾಷಾಸಾಬರ ಮಗಳು. ಕೈ ಬಹಳ ಚೊಕ್ಕ, ಮಾತು ಬಹಳ ಜೋರು. ಅವಳ ಪ್ರಬಂಧವೆಲ್ಲ ನನ್ನ ಆ ತಳಿಯ ಮೇಲೆಯೇ. ಅಷ್ಟರಲ್ಲಿ ಹೊಸ ವಿಧಾನ ಬಂದಿತ್ತು. ಬ್ಯಾಕ್ಟೀರಿಯಾದ ವಂಶವಾಹಿ ಪೂರ್ತಿ ಓದಿಸಿ, ಜಗತ್ತಿನ ಎಲ್ಲ ತಳಿಗಳ ಜೊತೆ ಹೋಲಿಸಿ ನೋಡಬಹುದಿತ್ತು. ನನಗೆ ವರ್ಷಗಟ್ಟಲೆ ಹಿಡಿದದ್ದು ಇವರಿಗೆ ಎರಡು ವಾರದ ಕೆಲಸ. ಶಾಹೀನ್ ಮಾದರಿ ಕಳಿಸಿದಳು. ಆಮೇಲೆ ಅವಳ ಜೋರು ಮಾತು ನಿಂತುಹೋಯಿತು. ಫಲಿತಾಂಶ ಬಂತೇನು ಎಂದರೆ "ಇನ್ನೊಮ್ಮೆ ನೋಡಬೇಕ್ರಿ ಸರ್" ಅನ್ನುತ್ತಿದ್ದಳು. ಮದುವೆ ಗೊತ್ತಾಗಿರಬೇಕು ಅಂದುಕೊಂಡೆ.

ನನ್ನ ಹಳೆಯ ಸ್ಕೂಟರು ಬಾಷಾಸಾಬರನ್ನು ಬಿಟ್ಟರೆ ಬೇರೆಯವರ ಮಾತು ಕೇಳುತ್ತಿರಲಿಲ್ಲ. ಒಂದು ರವಿವಾರ ದಾಂಡೇಲಿಗೆ ಹೋಗಿದ್ದೆ. ಅವರು ಇಂಜಿನ್ ಬಿಚ್ಚುತ್ತ, ತಲೆಯೆತ್ತದೆ ಕೇಳಿದರು:

"ಸರ್, ಒಂದ ಮಾತ ಕೇಳ್ಲೇನು? ಗಾಡಿ ಬಿಚ್ಚಿದ ಮ್ಯಾಲ ಒಳಗಿನ ಪಾರ್ಟು ಅಸಲಿ ಅಲ್ಲ ಅಂತ ಗೊತ್ತಾದ್ರ ಗಿರಾಕಿಗೆ ಹೇಳಬೇಕೋ, ಬ್ಯಾಡೋ?"

"ಹೇಳಬೇಕಲ್ಲ ಮತ್ತ."

"ಗಿರಾಕಿ ಭಾಳ ಪ್ರೀತಿಲೆ ಇಟ್ಕೊಂಡಿದ್ದ ಗಾಡಿ ಇದ್ರ?"

"ಆದ್ರೂ ಹೇಳಬೇಕು ಬಾಷಾಭಾಯಿ. ನಡುದಾರ್‍ಯಾಗ ಕೈ ಕೊಟ್ರ?"

ಅವರು ನಟ್ಟು ಬಿಚ್ಚುತ್ತಿದ್ದ ಪಾನಾ ಕೆಳಗಿಟ್ಟರು. "ಹಂಗಾರ ನೀವ ಶಾಹೀನ್‌ಗ ಕೇಳ್ರಿ. ನಾಕ ತಿಂಗಳಾತು, ಊಟಾ ಸರಿಯಾಗಿ ಮಾಡವಲ್ಲಳು. ಏನೋ ಸಿಕ್ಕೈತಿ ಆಕಿಗೆ, ನಿಮಗ ಹೇಳಾಕ ಅಂಜತಾಳ."

ಮರುದಿನ ಕೇಳಿದೆ. ಶಾಹೀನ್ ಲ್ಯಾಪ್‌ಟಾಪು ತೆರೆದು ಎರಡು ಸಾಲುಗಳನ್ನು ಒಂದರ ಕೆಳಗೊಂದು ತೋರಿಸಿದಳು. ಒಂದು ನನ್ನ ಕಾಡಿನ ತಳಿ. ಇನ್ನೊಂದು, ಡೈರಿಗಳು ಪಾಕೀಟು ಮೊಸರು ಮಾಡಲು ಕೊಳ್ಳುವ ಕಾರ್ಖಾನೆಯ ಹೆಪ್ಪು. ಎರಡೂ ಒಂದೇ. ಒಡಹುಟ್ಟಿದವಲ್ಲ, ಸಾಕ್ಷಾತ್ ಅದೇ.

"ಸರ್, ಇದು ಕಾಡಿನ ಹೆಪ್ಪಲ್ರಿ," ಅಂದಳು.

ನನ್ನ ತಲೆಗೆ ರಕ್ತ ಏರಿತು. "ನೀನ ಎಲ್ಲೋ ಕೈ ಹಚ್ಚಿ ಕೆಡಿಸೀದಿ!" ಎಂದು ಕೂಗಿದೆ.

"ಮೂರ್ ಸಲಾ ಮಾಡೇನ್ರಿ. ನೀವು ಮೊಹರು ಮಾಡಿಟ್ಟ ಮೊದಲಿನ ಬಾಟ್ಲಿಯಿಂದನ ತಗೊಂಡೇನ್ರಿ."

"ಹಂಗಾರ ನಾ ಸುಳ್ಳ ಬರದೇನೇನು? ಹೋಗು ಹೊರಗ!"

ಅರ್ಧ ಗಂಟೆ ಕಳೆದ ಮೇಲೆ ಹೊರಗೆ ಬಂದು ನೋಡಿದರೆ ಶಾಹೀನ್ ನಲ್ಲಿಯ ಮುಂದೆ ನಿಂತು ತೊಳೆದ ಗಾಜನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನನ್ನ ಇಡೀ ಸೇವೆಯಲ್ಲಿ ಅಷ್ಟು ನಾಚಿಕೆ ನನಗೆ ಎಂದೂ ಆಗಿಲ್ಲ. "ತಪ್ಪಾತು ಮಗಳ," ಅಂದೆ. "ನಾಕ ತಿಂಗಳಾ ಯಾಕ ಮುಚ್ಚಿಟ್ಟಿ?"

"ಹೆಂಗ ಹೇಳ್ಲಿ ಸರ್? ದಿನಾ ಮುಂಜಾನೆ ನೀವು ಆ ಅಂಕಿ ನೋಡಿ ನಗತಿದ್ರಿ," ಅಂದಳು.

ಇಬ್ಬರೂ ಒಳಗೆ ಬಂದು ಹಳೆಯ ದಾಖಲೆ ಪುಸ್ತಕ ತೆಗೆದೆವು. ಶಾಯಿಯಲ್ಲಿ, ನನ್ನದೇ ಅಕ್ಷರದಲ್ಲಿ ಇತ್ತು: ಬಿಸಿಲು, ಕಾಲೇಜಿನ ಜೀಪು, ಶುಕ್ರವಾರ.

ಶುಕ್ರವಾರ ಎಂಬುದನ್ನು ಓದಿ ನಾನು ಹಣೆ ಹಣೆ ಚಚ್ಚಿಕೊಂಡೆ. ನಮ್ಮ ಅವ್ವ ಶುಕ್ರವಾರ ಮನೆಯ ಹೆಪ್ಪನ್ನು ಪಕ್ಕದ ಮನೆಯವರಿಗೂ ಕೊಡುತ್ತಿರಲಿಲ್ಲ. ಲಕ್ಷ್ಮಿ ಹೊರಗೆ ಹೋಗುತ್ತಾಳೆ, ದನ ಬತ್ತುತ್ತವೆ ಎಂಬ ನಂಬಿಕೆ. ನಮ್ಮ ಸೀಮೆಯಲ್ಲಿ ಇದು ತಿಳಿಯದ ಮನೆಯಿಲ್ಲ. ಆ ಅವ್ವನ ಮಗ, ದೊಡ್ಡ ವಿಜ್ಞಾನಿ, ಶುಕ್ರವಾರ ಜೀಪು ಖಾಲಿ ಇದೆಯೆಂದು ಗೌಳಿಗರ ಮನೆಗೆ ಹೆಪ್ಪು ಕೇಳಲು ಹೋಗಿದ್ದೆ!

ಮುಂದಿನ ಸೋಮವಾರ ಶಾಹೀನಳನ್ನು ಕರೆದುಕೊಂಡು ಬಸ್ಸಿನಲ್ಲಿ ಜೊಯಿಡಾಕ್ಕೆ, ಅಲ್ಲಿಂದ ನಡೆದು ದಡ್ಡಿಗೆ ಹೋದೆ. ಜನಾಬಾಯಿಗೆ ಕೂದಲು ಪೂರ್ತಿ ಬೆಳ್ಳಗಾಗಿತ್ತು, ಗುರುತು ಮಾತ್ರ ತಟ್ಟನೆ ಹಿಡಿದಳು. ಆ ದಿನದ ಮೊಸರಿನ ಬಗ್ಗೆ ಕೇಳಿದ್ದೇ ತಡ, ಬಾಯಿಗೆ ಸೆರಗು ಹಚ್ಚಿ ನಗತೊಡಗಿದಳು.

"ಇಷ್ಟ ವರ್ಷಾದ ಮ್ಯಾಲ ಕೇಳಾಕ ಬಂದೀರೇನು? ಅವತ್ತ ಮುಂಜಾನೆ ಹಾಲೆಲ್ಲಾ ಡೈರಿ ಕ್ಯಾನಿಗೆ ಹೋಗಿತ್ತು. ಮನ್ಯಾಗ ಇದ್ದದ್ದು ಹೆಪ್ಪಿನ ಮಸರ ಅಷ್ಟ. ಶುಕ್ರಾರ ದಿನಾ ಅದನ್ನ ಹೊರಗ ಹೆಂಗ ಕೊಡೂದು? ನೀವು ನೋಡಿದ್ರ ಅಷ್ಟ ದೂರದಿಂದ ಬಂದೀರಿ, ಬರಿಗೈಲೆ ಹೆಂಗ ಕಳಸೂದು? ಮಗಾ ಜೊಯಿಡಾದಿಂದ ಪಾಕೀಟ ಮಸರ ತಂದಿದ್ದ. ಗಡಿಗ್ಯಾಗ ಸುರವಿ ಕೊಟ್ಟೆ."

"ಪಾಕೀಟಿಂದು ಅಂತ ಯಾಕ ಹೇಳ್ಲಿಲ್ಲ?"

"ನೀವು ಕೇಳ್ಲೇ ಇಲ್ಲಲ್ಲ ಮಾಸ್ತರ. ಕೇಳಿದ್ರ ಹೇಳತಿದ್ದೆ."

ಶಾಹೀನ್ ಮುಖ ಆ ಕಡೆ ತಿರುಗಿಸಿದಳು, ಭುಜ ಮಾತ್ರ ಅಲುಗುತ್ತಿತ್ತು. ನನಗೂ ತಡೆಯಲಾಗಲಿಲ್ಲ. ಮೂವರೂ ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ಮೊಸರಿನ ಮೇಲೆ ಎಷ್ಟು ದೇಶದವರು ಬರೆದಿದ್ದಾರೆಂದು ಶಾಹೀನ್ ವಿವರಿಸಿದಾಗ ಜನಾಬಾಯಿ ಗಲ್ಲಕ್ಕೆ ಕೈ ಹಚ್ಚಿ, "ಅಂಗಡಿ ಮಸರಿಗೆ ಇಷ್ಟ ಮರ್ಯಾದಿ!" ಅಂದಳು. ಆಮೇಲೆ ಹುಡುಗಿಯ ಮುಖ ನೋಡಿ ಮೆತ್ತಗೆ ಕೇಳಿದಳು, "ನನ್ನಿಂದ ನಿನಗ ಏನರ ತ್ರಾಸ ಆಗ್ತದೇನವಾ?"

ತ್ರಾಸು ಆಗುವುದಿತ್ತು. ಅದನ್ನು ಬಿಡಿಸಿ ಹೇಳುತ್ತೇನೆ. ನಾನು ಸುಮ್ಮನಿದ್ದರೆ ಶಾಹೀನ್ ಮುಂದಿನ ತಿಂಗಳೇ ಪ್ರಬಂಧ ಸಲ್ಲಿಸಿ ಡಾಕ್ಟರ್ ಆಗಬಹುದಿತ್ತು. ನಾನು ಲೇಖನ ಹಿಂತೆಗೆದುಕೊಂಡರೆ, ಅದೇ ತಳಿಯ ಮೇಲೆ ನಿಂತ ಅವಳ ಮೂರು ಅಧ್ಯಾಯಗಳೂ ಅವಳ ಹೆಸರಿನ ಮೊದಲ ಲೇಖನವೂ ನೆಲಕಚ್ಚುತ್ತಿದ್ದವು. ಅವಳ ನೋಂದಣಿಯ ಅವಧಿಯಲ್ಲಿ ಉಳಿದಿದ್ದದ್ದು ಒಂದೇ ವರ್ಷ. ನನ್ನ ತಪ್ಪಿಗೆ ನನ್ನ ಮಾನ ಹೋದರೆ ಹೋಗಲಿ, ಅವಳ ನಾಲ್ಕು ವರ್ಷ ಹೋಗುವುದು ಯಾವ ನ್ಯಾಯ?

ಪಾಟೀಲರಿಗೆ ಹೇಳಿದೆ. ಅವರು ಬಾಗಿಲು ಮುಚ್ಚಿ ಬಂದು ಕೂತರು. "ಸರ್, ಯಾರಿಗೆ ಗೊತ್ತಾಗ್ತದ? ಹುಡುಗಿ ಪಾರಾಗ್ತಾಳ, ನೀವು ಹಾರ ಹಾಕ್ಕೊಂಡು ನಿವೃತ್ತರಾಗ್ತೀರಿ. ನಮ್ಮ ಕಾಲೇಜಿನಾಗ ಅಷ್ಟ ಉಲ್ಲೇಖ ಇದ್ದ ಪೇಪರು ಅದೊಂದ. ಅದನ್ನೂ ತಗದ್ರ ನಮ್ಮ ಹಂತ್ಯಾಕ ಏನ ಉಳೀತದ?" ಅವರ ಮಾತಿನಲ್ಲಿ ಕೆಟ್ಟತನವಿರಲಿಲ್ಲ. ಅರ್ಧ ದಿನ ನನಗೂ ಅದೇ ಸರಿ ಕಂಡಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಕೊನೆಗೆ ಶಾಹೀನಳನ್ನೇ ಕೂರಿಸಿ ಎರಡೂ ದಾರಿ ಅವಳ ಮುಂದಿಟ್ಟೆ. "ನಷ್ಟ ನಿಂದು. ನೀ ಹೇಳಿದಂಗ ಮಾಡ್ತೇನಿ," ಅಂದೆ.

ಅವಳು ಮುಂದಿದ್ದ ಲ್ಯಾಪ್‌ಟಾಪು ಮುಚ್ಚಿದಳು. "ಅಪ್ಪಾ ಡುಪ್ಲಿಕೇಟ್ ಪಾರ್ಟ್ ಹಾಕಿದ ಗಾಡಿ ಹೊರಗ ಬಿಡೂದಿಲ್ರಿ ಸರ್. ನೀವು ಕಾಗದಾ ಬರೀರಿ. ನಾ ಸೋಮವಾರದ ಬಸ್ಸಿಗೆ ಜನಾಬಾಯಿ ಮನಿಗೆ ಹೋಗಿರ್ತೇನಿ."

ಲೇಖನ ಹಿಂತೆಗೆದುಕೊಳ್ಳುತ್ತೇನೆಂದು ಪತ್ರಿಕೆಯ ಸಂಪಾದಕರಿಗೆ ಪತ್ರ ಬರೆದೆ. ಮೊಸರು ಪಾಕೀಟಿನದು, ನಾನು ವಿಚಾರಿಸಲಿಲ್ಲ, ತಪ್ಪು ಪೂರ್ತಿ ನನ್ನದು, ಮೊಸರು ಕೊಟ್ಟವಳದಲ್ಲ. ಕಳಿಸುವ ಗುಂಡಿ ಒತ್ತಿದ ಮೇಲೆ ಹಸಿವಾಯಿತು, ಪೇಟೆಗೆ ಹೋಗಿ ಎರಡು ಪ್ಲೇಟು ಗಿರಮಿಟ್ ತಿಂದೆ.

ಆ ವರ್ಷ ಶಾಹೀನ್ ಮಾಡಿದಂಥ ಕೆಲಸವನ್ನು ನಾನು ಮೂವತ್ತು ವರ್ಷದಲ್ಲಿ ಮಾಡಿಲ್ಲ. ಮಳೆ, ಚಳಿ, ಬೇಸಿಗೆ, ಪ್ರತಿ ಕಾಲದ ಹೆಪ್ಪನ್ನೂ ತಂದಳು. ಪ್ರತಿ ಸಲ ಜನಾಬಾಯಿಯ ಹತ್ತಿರ ಕೂತು, ಹಾಲು ಯಾವ ಎಮ್ಮೆಯದು, ಹೆಪ್ಪು ನಿನ್ನೆಯದೋ ಮೊನ್ನೆಯದೋ, ಗಡಿಗೆ ಏತರಿಂದ ತೊಳೆದದ್ದು, ಎಲ್ಲ ಕೇಳಿ ಬರೆದಳು. ನಿಜವಾದ ಹೆಪ್ಪು ನಾನು ತಿಳಿದಂತೆ ಇರಲೇ ಇಲ್ಲ. ಅದರಲ್ಲಿ ಒಂದು ಮಹಾಶೂರ ಬ್ಯಾಕ್ಟೀರಿಯಾ ಇರಲಿಲ್ಲ. ಐದಾರು ಸಾಧಾರಣ ಜೀವಿಗಳಿದ್ದವು. ಒಂದೊಂದನ್ನೇ ಬೇರ್ಪಡಿಸಿ ಹಾಲಿಗೆ ಹಾಕಿದರೆ ಮೊಸರು ನೀರು ನೀರು, ಎಲ್ಲವನ್ನೂ ಕೂಡಿಸಿದರೆ ಗಟ್ಟಿ. ಮಳೆಗಾಲದಲ್ಲಿ ಒಂದರ ಕೈ ಮೇಲಾದರೆ ಬೇಸಿಗೆಯಲ್ಲಿ ಇನ್ನೊಂದರದು.

ಅವಳ ಹೊಸ ಲೇಖನದ ವಿಧಾನದ ಭಾಗದಲ್ಲಿ ಮಾದರಿ ತಂದ ವಾರವನ್ನೂ ಬರೆದಿದ್ದಳು. ಪತ್ರಿಕೆಯ ಪರಿಶೀಲಕರೊಬ್ಬರು ವಾರದ ಹೆಸರು ಅನಗತ್ಯ, ತೆಗೆಯಿರಿ ಎಂದು ಸೂಚಿಸಿದರು. ಶಾಹೀನ್ ಒಂದೂವರೆ ಪುಟದ ಉತ್ತರ ಬರೆದಳು. ಅವರು ಸೂಚನೆ ಹಿಂತೆಗೆದುಕೊಂಡು, ತಮ್ಮ ಅಜ್ಜಿಯೂ ಹಾಗೆಯೇ ಇದ್ದಳೆಂದು ಸೇರಿಸಿದರು. ಕೃತಜ್ಞತೆಯ ಸಾಲಿನಲ್ಲಿ ಜನಾಬಾಯಿಯ ಹೆಸರು ಹಾಕುತ್ತೇವೆಂದರೆ ಅವಳು, "ನಂದೊಂದ ಯಾಕ? ಹಾಲ ಕೊಟ್ಟಾಕಿ ಗಂಗಿ, ಆಕಿ ಹೆಸರೂ ಹಾಕ್ರಿ," ಅಂದಳು. ಗಂಗಿ ಅವಳ ಎಮ್ಮೆ. ಇಬ್ಬರ ಹೆಸರೂ ಅಚ್ಚಾದವು.

ವರ್ಷ ಸಾಲಲಿಲ್ಲ, ಆರು ತಿಂಗಳು ಹೆಚ್ಚುವರಿ ಬೇಕಾಯಿತು. ಅದಕ್ಕಾಗಿ ವಿಶ್ವವಿದ್ಯಾಲಯದ ಕಚೇರಿಗೆ ಮೂರು ಸಲ ಅಲೆದು ಜಗಳಾಡಿ ತಂದವರು ಪಾಟೀಲರೇ. "ನಿಮ್ಮ ಹುಚ್ಚ ನನಗೂ ಹತ್ತೇತ್ರಿ," ಎಂದು ಕಾಗದ ನನ್ನ ಮೇಜಿನ ಮೇಲೆ ಹಾಕಿ ಹೋದರು.

ಮೌಖಿಕ ಪರೀಕ್ಷೆಯ ದಿನ ಬಾಷಾಸಾಬರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೊನೆಯ ಬೆಂಚಿನಲ್ಲಿ ಕೂತಿದ್ದರು. ಹೊರಗಿನಿಂದ ಬಂದ ಪರೀಕ್ಷಕರು ಕಟ್ಟುನಿಟ್ಟಿನವರು. ಪ್ರಬಂಧ ತಿರುವಿ ಕೇಳಿದರು: "ನಿಮ್ಮ ಮೊದಲ ಅಧ್ಯಾಯ ನಿಮ್ಮ ಮಾರ್ಗದರ್ಶಕರ ಪ್ರಸಿದ್ಧ ಲೇಖನ ತಪ್ಪೆಂದು ತೋರಿಸುತ್ತದೆ. ಇದನ್ನು ಬರೆಯಲು ಅವರು ಒಪ್ಪಿದರೇ?"

"ಮೊದಲು ಬೈದ್ರು ಸರ್. ಅರ್ಧಾ ತಾಸು. ಆಮ್ಯಾಲ ಒಪ್ಪಿದ್ರು," ಅಂದಳು ಶಾಹೀನ್. ಸಭೆ ನಕ್ಕಿತು. ನಾನೂ ನಕ್ಕೆ, ಕಣ್ಣು ಮಾತ್ರ ಒದ್ದೆಯಾಗಿತ್ತು. ಪರೀಕ್ಷಕರು ಎದ್ದು ನಿಂತು ಅವಳನ್ನು ಡಾಕ್ಟರ್ ಎಂದು ಕರೆದರು. ಬಾಷಾಸಾಬರು ಕೈಯೆತ್ತಿ ಚಪ್ಪಾಳೆ ತಟ್ಟಲು ಹೋಗಿ, ಸಂಕೋಚದಿಂದ ಅಕ್ಕಪಕ್ಕ ನೋಡಿದರು. ಪಾಟೀಲರು ಮೊದಲು ತಟ್ಟಿದರು, ಆಮೇಲೆ ಎಲ್ಲರೂ.

ಹೀಗೆ ನನ್ನ ಅಂಕಿ ಒಂದೇ ಹೊಡೆತಕ್ಕೆ ಇಳಿಯಿತು. ಪೂರ್ತಿ ಇಳಿಯಲಿಲ್ಲ ಎಂಬುದೇ ತಮಾಷೆ. ಹಿಂತೆಗೆದುಕೊಂಡು ವರ್ಷಗಳಾದರೂ ಆ ಲೇಖನವನ್ನು ಉಲ್ಲೇಖಿಸುವವರು ಇನ್ನೂ ಇದ್ದಾರೆ. ಒಬ್ಬರು ಇನ್ನೊಬ್ಬರನ್ನು ನೋಡಿ ಹೆಸರು ಹಾಕುತ್ತಾರೆ, ಮೂಲ ತೆರೆಯುವುದಿಲ್ಲ. ಕಂಡಾಗಲೆಲ್ಲ ನಾನು ಪತ್ರ ಬರೆಯುತ್ತೇನೆ: 'ದಯವಿಟ್ಟು ನನ್ನನ್ನು ಉಲ್ಲೇಖಿಸಬೇಡಿ, ಅದು ಅಂಗಡಿಯ ಮೊಸರು. ಶಾಹೀನ್ ಅವರ ಲೇಖನ ಓದಿ.' ಕೆಲವರು ತಿದ್ದುತ್ತಾರೆ, ಕೆಲವರು ಉತ್ತರಿಸುವುದಿಲ್ಲ. ನಿವೃತ್ತಿಯಲ್ಲಿ ನನಗಿರುವ ಉದ್ಯೋಗ ಇದು, ನನ್ನ ಹೆಸರನ್ನು ನಾನೇ ಅಳಿಸುವುದು. ಬೇಸರವೇನೂ ಇಲ್ಲ.

ಶಾಹೀನ್ ಈಗ ಮುಂಡಗೋಡಿನ ಒಂದು ಕಾಲೇಜಿನಲ್ಲಿ ಕಲಿಸುತ್ತಾಳೆ. ಅವಳ ಕೈಕೆಳಗೂ ಒಬ್ಬ ಹುಡುಗಿ ಸಂಶೋಧನೆಗೆ ಸೇರಿದ್ದಾಳೆ. ಕಳೆದ ವಾರ ಮಧ್ಯಾಹ್ನ ಊಟ ಮುಗಿಸಿ ಕೂತಿದ್ದಾಗ ಶಾಹೀನಳ ಫೋನು ಬಂತು, ದನಿ ಸಪ್ಪಗಿತ್ತು.

"ಸರ್, ನನ್ನ ಹೆಪ್ಪಿನ ಪೇಪರಿನಾಗ ಒಂದ ತಪ್ಪ ಸಿಕ್ಕೈತ್ರಿ. ಬೇಸಿಗಿ ಲೆಕ್ಕದಾಗ. ನನ್ನ ಹುಡುಗಿ ಹಿಡದಾಳ. ತಿದ್ದುಪಡಿ ಕಳಸಬೇಕಾಗ್ತದ."

ಲೆಕ್ಕ ಏನೆಂದು ನಾನು ಕೇಳಲಿಲ್ಲ. ನನಗೆ ಬೇಕಾಗಿದ್ದದ್ದು ಬೇರೆ.

"ಆಕಿಗೆ ಯಾವಾಗ ಗೊತ್ತಾತು?"

"ಇವತ್ತ ಮುಂಜಾನೆ."

"ನಿನಗ ಯಾವಾಗ ಹೇಳಿದ್ಲು?"

ಶಾಹೀನ್ ನಕ್ಕಳು, ಅವಳ ಹಳೆಯ ಜೋರು ದನಿಯಲ್ಲಿ.

"ಆವಾಗನ ಹೇಳಿದ್ಲ್ರಿ ಸರ್. ಓಡಿಕೋತ ಬಂದ ಹೇಳಿದ್ಲು."